ಸ್ಪ್ರಿಂಗ್ ಕೂರಿಸಿದ ಕೊಳವೆಬಾವಿ ಬಿಟ್‌ಗೆ ಪೇಟೆಂಟ್ ಸಿಗುತ್ತದೆಯೇ?

ಪ್ರಶ್ನೆ: ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಲೇತ್ ವರ್ಕ್‌ಶಾಪ್ ಇದೆ. ಕೊಳವೆಬಾವಿ ರಿಗ್‌ಗಳ ಹ್ಯಾಮರ್ (ಗಾಳಿಯ ಒತ್ತಡದಿಂದ ಬಿಟ್‌ಗೆ ಬಡಿಯುವ ಸಾಧನ) ಮತ್ತು ಬಟನ್ ಬಿಟ್‌ಗಳನ್ನು (ಗಟ್ಟಿ ಲೋಹದ ಗುಂಡಿಗಳಿಂದ ಬಂಡೆ ಕೊರೆಯುವ ತುದಿ) ರಿಪೇರಿ ಮಾಡುವುದು ಕಸುಬು. ಬಂಡೆಗೆ ಬಡಿದ ಬಿಟ್ ಹಿಂದಕ್ಕೆ ಒದೆಯುವ ಏಟಿಗೆ ಬಿಟ್ಟನ್ನು ಹಿಡಿದಿರುವ ಚಕ್ ಬಿರಿಯುತ್ತದೆ, ಪೈಪ್‌ಗಳ ಥ್ರೆಡ್ ಹಾಳಾಗುತ್ತದೆ. ಅದನ್ನು ತಡೆಯಲು ಬಿಟ್‌ನ ಭುಜಕ್ಕೂ ಚಕ್‌ನ ಕೆಳಮುಖಕ್ಕೂ ನಡುವೆ ತಟ್ಟೆಯಾಕಾರದ ಡಿಸ್ಕ್ ಸ್ಪ್ರಿಂಗ್‌ಗಳ ಒಂದು ಕಟ್ಟು ಕೂರುವಂತೆ ಹೊಸ ಬಿಟ್ ಮಾಡಿದ್ದೇನೆ. ನಾಲ್ಕು ತಿಂಗಳಿಂದ ಹೊಸನಗರ, ಸಾಗರದ ಕಡೆ ಏಳು ಬಾವಿಗಳಲ್ಲಿ ಓಡಿಸಿ ನೋಡಿದ್ದೇವೆ. ಒಂದು ಬಿಟ್ಟನ್ನು ಪರಿಚಯದ ರಿಗ್ ಮಾಲೀಕರೊಬ್ಬರಿಗೆ ಪ್ರಯೋಗಕ್ಕೆಂದು ಕೊಟ್ಟಿದ್ದೇನೆ. ಅವರು ಈಗ ಐದು ಬಿಟ್ ಕೇಳುತ್ತಿದ್ದಾರೆ. ವಾಟ್ಸ್ಆಪ್ ಗುಂಪಿನಲ್ಲಿ ಒಂದು ವಿಡಿಯೊ ಹಾಕಿದ್ದೆ, ಅದರಲ್ಲಿ ಬಿಟ್ ಓಡುವುದಷ್ಟೇ ಕಾಣುತ್ತದೆ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ? ಇನ್ನೊಂದು ವಿಷಯ: ಮೊದಲು ಮಾಡಿದ ಎರಡು ಬಿಟ್‌ಗಳಲ್ಲಿ ಸ್ಪ್ರಿಂಗ್‌ಗಳ ನಡುವೆ ಶೇಡಿ ಮಣ್ಣೂ ಕಲ್ಲುಹಿಟ್ಟೂ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗಿಬಿಟ್ಟಿತ್ತು. ‘ಅಲ್ಲಿಗೂ ಸ್ವಲ್ಪ ಗಾಳಿ ಬಿಡಿ’ ಎಂದು ರಿಗ್ ಆಪರೇಟರ್ ಹೇಳಿದರು. ಬಿಟ್‌ನ ಒಳಗಿನ ಗಾಳಿಯ ದಾರಿಯಿಂದ ಸ್ಪ್ರಿಂಗ್ ಕೂರುವ ಜಾಗಕ್ಕೆ ಮೂರು ಓರೆ ತೂತು ಕೊರೆದ ಮೇಲೆ ಆ ತೊಂದರೆ ಹೋಯಿತು.
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಭಾಗ ಓದುವವರೆಗೆ ಇದು ಕಷ್ಟ ಎಂದೇ ಅನ್ನಿಸುತ್ತಿತ್ತು. ‘ಇನ್ನೊಂದು ವಿಷಯ’ ಎಂದು ಕೊನೆಗೆ ಸೇರಿಸಿದ ಮಾತು ಓದಿದ ಮೇಲೆ ನೆಟ್ಟಗೆ ಕುಳಿತು ಮತ್ತೆ ಮೊದಲಿನಿಂದ ಓದಿದೆ. ನೀವು ಪೇಟೆಂಟ್ ಕೇಳುತ್ತಿರುವುದು ಸ್ಪ್ರಿಂಗ್‌ಗೆ. ಸಿಗುವ ಸಾಧ್ಯತೆ ಇರುವುದು ಆ ಮೂರು ಓರೆ ತೂತುಗಳಿಗೆ. ಸರಿಯಾಗಿ ಹೇಳಬೇಕೆಂದರೆ, ಸ್ಪ್ರಿಂಗೂ ತೂತೂ ಸೇರಿ ಮಾಡುತ್ತಿರುವ ಕೆಲಸಕ್ಕೆ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು: ಐದು ಬಿಟ್‌ಗಳ ಆರ್ಡರನ್ನು ಸದ್ಯಕ್ಕೆ ಒಪ್ಪಿಕೊಳ್ಳಬೇಡಿ, ಮುಂಗಡವನ್ನೂ ತೆಗೆದುಕೊಳ್ಳಬೇಡಿ.

ಮೊದಲು, ಇದರಲ್ಲಿ ಹಳೆಯದು ಯಾವುದು? ತಟ್ಟೆಯಾಕಾರದ ಡಿಸ್ಕ್ ಸ್ಪ್ರಿಂಗ್‌ನ ತತ್ವಕ್ಕೆ ಫ್ರಾನ್ಸಿನ ಜೂಲಿಯನ್ ಬೆಲ್‌ವಿಲ್ 1867ರಲ್ಲಿಯೇ ಪೇಟೆಂಟ್ ಪಡೆದಿದ್ದ. ಇಂದಿಗೂ ಅದಕ್ಕೆ ಬೆಲ್‌ವಿಲ್ ವಾಷರ್ ಎಂಬ ಹೆಸರಿರುವುದು ಅವನಿಂದಲೇ. ಬಂಡೆ ಕೊರೆಯುವ ಬಿಟ್‌ಗಳ ಪೇಟೆಂಟ್ ಚರಿತ್ರೆಯೂ ಚಿಕ್ಕದಲ್ಲ. ಅಮೆರಿಕದ ಹೋವರ್ಡ್ ಹ್ಯೂಸ್ ಎರಡು ಶಂಕುಗಳು ಉರುಳುವ ಬಿಟ್‌ಗೆ 1909ರಲ್ಲಿ ಪೇಟೆಂಟ್ ಪಡೆದ ಮೇಲೆ ಆ ಕ್ಷೇತ್ರದಲ್ಲಿ ಅರ್ಜಿಗಳು ಎಡೆಬಿಡದೆ ಬಂದಿವೆ. ತೈಲಬಾವಿ ಕೊರೆಯುವವರು ಪೈಪ್‌ಗಳ ಸಾಲಿನಲ್ಲಿ ‘ಷಾಕ್ ಸಬ್’ ಎಂಬ ತುಂಡನ್ನು ದಶಕಗಳಿಂದ ಬಳಸುತ್ತಿದ್ದಾರೆ. ಅದರೊಳಗೆ ಡಿಸ್ಕ್ ಸ್ಪ್ರಿಂಗ್‌ಗಳೋ ರಬ್ಬರೋ ಇರುತ್ತದೆ. ಗಣಿ ಮತ್ತು ಸುರಂಗಗಳಲ್ಲಿ ಬಳಸುವ ಹೈಡ್ರಾಲಿಕ್ ರಾಕ್ ಡ್ರಿಲ್‌ಗಳಲ್ಲಿ ಬಂಡೆಯಿಂದ ಹಿಂದಿರುಗುವ ಏಟನ್ನು ಎಣ್ಣೆಯ ಒತ್ತಡದಿಂದ ನುಂಗುವ ಏರ್ಪಾಡು ಇದೆ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಡ್ರಿಲ್ ಸಾಲಿನ ಷಾಕ್ ಅಬ್ಸಾರ್ಬರ್‌ಗಳನ್ನು ಹೆಸರಿಸಿಯೇ ಹೇಳುವ ಇ21ಬಿ 17/07 ಎಂಬ ವಿಭಾಗವಿದೆ. ಒಂದು ಸಂಗತಿ ವರ್ಗೀಕರಣದಲ್ಲಿಯೇ ಹೆಸರು ಪಡೆದಿದೆ ಎಂದರೆ ಆ ದಾರಿಯಲ್ಲಿ ಸಾಕಷ್ಟು ಜನ ನಡೆದಿದ್ದಾರೆ ಎಂದೇ ಅರ್ಥ. ಹಾಗಾಗಿ ‘ಏಟು ನುಂಗುವ ಸ್ಪ್ರಿಂಗ್ ಇರುವ ಬಿಟ್’ ಎಂದಷ್ಟೇ ಬರೆದು ಅರ್ಜಿ ಹಾಕಿದರೆ ಅದು ನಿಲ್ಲುವುದಿಲ್ಲ.

ನಮ್ಮ 1970ರ ಪೇಟೆಂಟ್ ಕಾಯ್ದೆ ಕೇಳುವುದು ಮೂರು ಗುಣ. ವಸ್ತು ಹೊಸದಾಗಿರಬೇಕು, ಅದರಲ್ಲಿ ಆವಿಷ್ಕಾರದ ಹೆಜ್ಜೆ ಇರಬೇಕು, ಉದ್ಯಮದಲ್ಲಿ ಬಳಸುವಂತಿರಬೇಕು. ಮೂರನೆಯದರ ಬಗ್ಗೆ ನಿಮಗೆ ಚಿಂತೆಯೇ ಬೇಡ. ಜಗತ್ತಿನ ಯಾವ ದಾಖಲೆಯಲ್ಲಿಯೂ ನಿಮ್ಮ ಬಿಟ್‌ನ ಎಲ್ಲ ಅಂಶಗಳೂ ಒಟ್ಟಿಗೆ ಇಲ್ಲದಿದ್ದರೆ ಮೊದಲನೆಯದನ್ನೂ ದಾಟಬಹುದು. ವರ್ಕ್‌ಶಾಪ್‌ನಿಂದ ಬರುವ ಅರ್ಜಿಗಳು ಮುಗ್ಗರಿಸುವುದು ಎರಡನೆಯದರಲ್ಲಿ. ಈಗಾಗಲೇ ತಿಳಿದಿರುವುದಕ್ಕಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಅದರ ಜೊತೆಗೆ, ಆ ಕಸುಬು ಬಲ್ಲವನಿಗೆ ‘ಇದು ಹೊಳೆಯುವಂಥದ್ದೇ’ ಎನ್ನಿಸಬಾರದು. ಕಾಯ್ದೆಯ 3(ಎಫ್) ಕಲಂ ಇನ್ನೊಂದು ಬೇಲಿ ಹಾಕುತ್ತದೆ: ಗೊತ್ತಿರುವ ಸಾಧನಗಳನ್ನು ಒಟ್ಟಿಗೆ ಜೋಡಿಸಿದಾಗ ಪ್ರತಿಯೊಂದೂ ತನ್ನ ಪಾಡಿಗೆ ತಾನು, ಗೊತ್ತಿರುವ ರೀತಿಯಲ್ಲಿಯೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ.

ಲೇತ್ ಹಿಡಿದವರು ತಿಳಿದಿರಲೇಬೇಕಾದ ಒಂದು ತೀರ್ಪಿದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1978ರ ಡಿಸೆಂಬರ್‌ನಲ್ಲಿ. ಲೋಹದ ಪಾತ್ರೆಗಳನ್ನು ಲೇತ್‌ನಲ್ಲಿ ತಿರುಗಿಸುವಾಗ ಜಾರದಂತೆ ಹಿಂಬದಿಯಿಂದ ಒತ್ತಿ ಹಿಡಿಯುವ ಸಾಧನಕ್ಕೆ ಪಡೆದಿದ್ದ ಪೇಟೆಂಟ್ ಅಲ್ಲಿ ವಿಚಾರಣೆಗೆ ಬಂದಿತ್ತು. ಸಾಧನ ಉಪಯುಕ್ತವಾಗಿತ್ತು, ಕೆಲಸಗಾರರಿಗೆ ಅಪಾಯವನ್ನೂ ಕಡಿಮೆ ಮಾಡುತ್ತಿತ್ತು. ಆದರೂ ಲೇತ್‌ನ ಟೇಲ್‌ಸ್ಟಾಕ್ (ತಿರುಗುವ ತುಂಡನ್ನು ಹಿಂತುದಿಯಿಂದ ಒತ್ತಿ ಹಿಡಿಯುವ ಭಾಗ) ಮೊದಲಿಂದ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಗೂ ತಂದದ್ದಷ್ಟೇ, ಇದು ವರ್ಕ್‌ಶಾಪ್ ಮಟ್ಟದ ಸುಧಾರಣೆ ಎಂದು ಕೋರ್ಟ್ ಪೇಟೆಂಟನ್ನು ಉಳಿಸಲಿಲ್ಲ. ಗೊತ್ತಿರುವುದರ ಮೇಲೆ ಮಾಡಿದ ಸುಧಾರಣೆಯಿಂದ ಹೊಸ ಫಲಿತಾಂಶವೋ, ಹೊಸ ವಸ್ತುವೋ, ಮೊದಲಿಗಿಂತ ಉತ್ತಮ ಅಥವಾ ಅಗ್ಗದ ವಸ್ತುವೋ ಬರಬೇಕು ಎಂಬುದು ಅಲ್ಲಿಂದ ಇಂದಿನವರೆಗೆ ಪೇಟೆಂಟ್ ಕಚೇರಿಯ ಪರೀಕ್ಷಕರು ಹಿಡಿದಿರುವ ಅಳತೆಗೋಲು. ನಿಮ್ಮ ಅರ್ಜಿಯನ್ನು ವಿರೋಧಿಸುವವರು ಮೊದಲು ತೆರೆಯುವುದೇ ಈ ತೀರ್ಪನ್ನು.

ಈಗ ನಿಮ್ಮ ಬಿಟ್‌ಗೆ ಬರೋಣ. ಬಡಿದು ಕೊರೆಯುವ ಯಂತ್ರದಲ್ಲಿ ಏಟು ಬಂಡೆಗೆ ಮುಟ್ಟಲೇಬೇಕು, ಅದಕ್ಕಾಗಿಯೇ ಕಂಪ್ರೆಸರ್ ಅಷ್ಟೊಂದು ಡೀಸೆಲ್ ಕುಡಿಯುತ್ತದೆ. ಹ್ಯಾಮರ್ ಒಳಗಿನ ಪಿಸ್ಟನ್‌ಗೂ ಬಂಡೆಗೂ ನಡುವೆ ಮೆತ್ತನೆಯ ವಸ್ತು ಏನನ್ನಿಟ್ಟರೂ ಕೊರೆತವೇ ಕುಗ್ಗುತ್ತದೆ. ‘ಏಟು ನುಂಗುವ ಬಿಟ್’ ಎಂಬ ಮಾತು ಕೇಳಿದಾಕ್ಷಣ ಕಸುಬು ಬಲ್ಲವರು ತಲೆ ಅಲ್ಲಾಡಿಸುವುದು ಇದಕ್ಕೆ. ಆದರೆ ನೀವು ಸ್ಪ್ರಿಂಗ್ ಇಟ್ಟಿರುವ ಜಾಗ ಬೇರೆ. ಪಿಸ್ಟನ್ನಿನ ಏಟು ಬಿಟ್‌ನ ಬಾಲಕ್ಕೆ ಬಿದ್ದು, ಉಕ್ಕಿನ ಒಳಗೆ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಸಾಗಿ ನೇರವಾಗಿ ಬಟನ್‌ಗಳಿಗೆ ಹೋಗುತ್ತದೆ. ಆ ದಾರಿಯಲ್ಲಿ ನಿಮ್ಮ ಸ್ಪ್ರಿಂಗ್ ಇಲ್ಲ. ಬಂಡೆಯಿಂದ ಹಿಂದೆ ಒದೆಸಿಕೊಂಡ ಬಿಟ್‌ನ ಭುಜ ಮೇಲೆ ಬಂದು ಚಕ್‌ಗೆ ಬಡಿಯುವಾಗ ಮಾತ್ರ ಸ್ಪ್ರಿಂಗ್ ನಡುವೆ ಸಿಗುತ್ತದೆ. ಹೋಗುವ ಏಟಿಗೆ ದಾರಿ ಬಿಟ್ಟು, ಬರುವ ಏಟಿಗೆ ಮಾತ್ರ ಅಡ್ಡ ನಿಲ್ಲುವ ಜಾಗ ಅದು. ಅರ್ಜಿಯಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಆದರೆ ಇದೊಂದರ ಮೇಲೆಯೇ ಭಾರ ಹಾಕಬೇಡಿ. ಬಿಟ್‌ನ ಭುಜ ಚಕ್‌ಗೆ ಬಡಿಯುವುದನ್ನು ನೋಡಿದ ಎಂಜಿನಿಯರ್ ಅಲ್ಲಿಯೇ ಒಂದು ಸ್ಪ್ರಿಂಗ್ ಇಡಲು ಯೋಚಿಸುವುದು ಸಹಜ ಎಂದು ಪರೀಕ್ಷಕರು ಹೇಳಿದರೆ, ಉತ್ತರಿಸುವುದು ಸುಲಭವಲ್ಲ.

ಆ ಸಹಜ ಯೋಚನೆ ಬಿದ್ದುಹೋಗುವ ಜಾಗ ನಮ್ಮ ನೆಲದಲ್ಲಿದೆ. ಮಲೆನಾಡಿನಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ನೀರು ಕುಡಿದು ಜಿಗುಟಾದ ಶೇಡಿ, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿ ಬಂಡೆ. ಕೇಸಿಂಗ್ ಪೈಪ್ ಇಳಿಸಿದ ಮೇಲೂ ಬಿರುಕುಗಳಿಂದ ನೀರು ಒಸರಿ ಕಲ್ಲುಹಿಟ್ಟನ್ನು ಹಸಿ ಹಿಟ್ಟಾಗಿ ಮಾಡುತ್ತದೆ. ಚಕ್‌ನ ಕೆಳಗೆ, ಪುಡಿ ಮೇಲೇರುವ ದಾರಿಯಲ್ಲಿಯೇ ತೆರೆದುಕೊಂಡಿರುವ ಸ್ಪ್ರಿಂಗ್ ಕಟ್ಟು ಅಲ್ಲಿ ಎಷ್ಟು ಹೊತ್ತು ಸ್ಪ್ರಿಂಗ್ ಆಗಿ ಉಳಿದೀತು? ನಿಮ್ಮ ಮೊದಲ ಎರಡು ಬಿಟ್‌ಗಳೇ ಉತ್ತರ ಹೇಳಿವೆ. ಹಳೆಯ ಯೋಚನೆಯನ್ನು ಹಾಗೆಯೇ ತಂದಿಟ್ಟರೆ ಅದು ಕೆಲಸ ಮಾಡುವುದಿಲ್ಲ ಎಂಬುದಕ್ಕೆ ನಿಮ್ಮ ಕೈಯಲ್ಲಿಯೇ ಪುರಾವೆ ಇದೆ. ಬಟನ್‌ಗಳ ಕಡೆಗೆ ಹೋಗುತ್ತಿದ್ದ ಗಾಳಿಯಲ್ಲಿ ಒಂದು ಪಾಲನ್ನು ಓರೆಯಾಗಿ ಸ್ಪ್ರಿಂಗ್ ಕಟ್ಟಿನೊಳಕ್ಕೆ ತಿರುಗಿಸಿದಾಗ ಮಣ್ಣು ಕೂರುವುದು ನಿಂತಿತು, ಸ್ಪ್ರಿಂಗ್ ಚಲಿಸುತ್ತ ಉಳಿಯಿತು. ಇನ್ನೊಂದು ಸಂಗತಿಯನ್ನು ಗಮನಿಸಿ ತಿಳಿಸಿ: ಸ್ಪ್ರಿಂಗ್ ಒತ್ತಿಕೊಂಡು ಬಿಡುವಾಗ ತಟ್ಟೆಗಳ ನಡುವಿನ ಸಂದು ಕಿರಿದಾಗಿ ಅಗಲವಾಗುತ್ತದಲ್ಲ, ಅದರಿಂದ ಗಾಳಿ ತಡೆತಡೆದು, ಸಿಡಿದ ಹಾಗೆ ಹೊರಡುತ್ತಿದೆಯೇ? ಹೌದಾದರೆ ಸ್ಪ್ರಿಂಗ್ ಗಾಳಿಯನ್ನು ಬದಲಿಸುತ್ತಿದೆ, ಗಾಳಿ ಸ್ಪ್ರಿಂಗನ್ನು ಉಳಿಸುತ್ತಿದೆ. 3(ಎಫ್) ಕಲಂ ಹೇಳುವ ‘ತನ್ನ ಪಾಡಿಗೆ ತಾನು’ ಎಂಬ ಮಾತು ಆಗ ನಿಮ್ಮ ಬಿಟ್‌ಗೆ ಅನ್ವಯಿಸುವುದಿಲ್ಲ. ನಿಮ್ಮ ಪ್ರಕರಣದಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಇದೇ.

ಪೇಟೆಂಟ್ ಅರ್ಜಿಯ ಜೀವವಿರುವುದು ‘ಕ್ಲೇಮ್’ ಎಂಬ ಭಾಗದಲ್ಲಿ. ಜಮೀನಿನ ಪತ್ರದ ಚಕ್ಕುಬಂದಿ ಇದ್ದ ಹಾಗೆ ಅದು. ‘ಬಂಡೆ ಕೊರೆಯುವ ಬಿಟ್, ಅದರಲ್ಲಿ ಏಟು ನುಂಗುವ ಸಾಧನವಿದೆ’ ಎಂದು ಬರೆದರೆ ಊರೆಲ್ಲ ನನ್ನದು ಎಂದಂತಾಗುತ್ತದೆ, ಒಂದೇ ಹಳೆಯ ದಾಖಲೆ ಬಂದು ಅಳಿಸಿಬಿಡುತ್ತದೆ. ‘ಹನ್ನೆರಡು ತಟ್ಟೆ, ಮೂರು ತೂತು, ಇಷ್ಟೇ ಓರೆ’ ಎಂದು ಕಟ್ಟಿಹಾಕಿದರೆ ಪಕ್ಕದವನು ನಾಲ್ಕು ತೂತು ಕೊರೆದು ನಿಮ್ಮ ಎದುರಿಗೇ ಮಾರುತ್ತಾನೆ. ನಾನಾದರೆ ಮೊದಲ ಕ್ಲೇಮನ್ನು ಈ ಧಾಟಿಯಲ್ಲಿ ಬರೆಯುತ್ತೇನೆ: ‘ಪಿಸ್ಟನ್ನಿನ ಏಟನ್ನು ನೇರವಾಗಿ ಪಡೆಯುವ ಬಾಲ ಮತ್ತು ಬಟನ್‌ಗಳುಳ್ಳ ತಲೆ ಇರುವ ಬಿಟ್, ಅದರ ಭುಜಕ್ಕೂ ಚಕ್‌ನ ಕೆಳಮುಖಕ್ಕೂ ನಡುವೆ, ಏಟಿನ ದಾರಿಯಿಂದ ಹೊರಗೆ, ಕೂರಿಸಿದ ಸ್ಪ್ರಿಂಗ್ ಕಟ್ಟು, ಬಿಟ್‌ನ ಒಳಗಿನ ಗಾಳಿಯ ದಾರಿಯಿಂದ ಆ ಕಟ್ಟಿನ ಒಳಬದಿಗೆ ತೆರೆದುಕೊಳ್ಳುವ ಒಂದು ಅಥವಾ ಹೆಚ್ಚು ರಂಧ್ರಗಳು, ಗಾಳಿ ಸ್ಪ್ರಿಂಗ್‌ಗಳ ಸಂದಿನಿಂದ ಹೊರಕ್ಕೆ ಹರಿದು ಕೊರೆದ ಪುಡಿ ಒಳಸೇರದಂತೆ ತಡೆಯುವ ರಚನೆ.’ ತೂತುಗಳ ಸಂಖ್ಯೆ, ಓರೆಯ ಕೋನ, ತಟ್ಟೆಗಳನ್ನು ಬೆನ್ನಿಗೆ ಬೆನ್ನು ಪೇರಿಸಿದ ಕ್ರಮ ಎಲ್ಲವೂ ಕೆಳಗಿನ ಕ್ಲೇಮ್‌ಗಳಲ್ಲಿ ಬರಲಿ. ಮೇಲಿನದು ಬಿದ್ದರೆ ಅವು ಕೈ ಹಿಡಿಯುತ್ತವೆ.

ಹುಡುಕಾಟವನ್ನು ನೀವೇ ಆರಂಭಿಸಬಹುದು. ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್ ಮತ್ತು ಗೂಗಲ್ ಪೇಟೆಂಟ್ಸ್ ಮೂರೂ ಉಚಿತ. ಮೇಲೆ ಹೇಳಿದ 17/07 ವಿಭಾಗವನ್ನೂ ಬಡಿದು ಕೊರೆಯುವ ಬಿಟ್‌ಗಳ ಇ21ಬಿ 10/36 ವಿಭಾಗವನ್ನೂ ನೋಡಿ. ಪದ ಓದುವುದಕ್ಕಿಂತ ಚಿತ್ರ ನೋಡಿ. ಕಸುಬು ಬಲ್ಲ ನಿಮಗೆ ನನಗಿಂತ ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿಯೂ ವಿಚಾರಿಸಬಹುದು.

ಇನ್ನು ನಾಲ್ಕು ತಿಂಗಳ ಪ್ರಯೋಗ ಮತ್ತು ವಿಡಿಯೊ. ನನಗೆ ನಿದ್ದೆ ಕೆಡಿಸುವ ಭಾಗ ಇದು. ಕೆಲವು ವರ್ಷಗಳ ಹಿಂದೆ ಅಡಿಕೆ ಸುಲಿಯುವ ಯಂತ್ರಕ್ಕೆ ಬಹಳ ಚೆಂದದ ಸುಧಾರಣೆ ಮಾಡಿದ ಮಲೆನಾಡಿನ ಒಬ್ಬರು ನನ್ನ ಬಳಿ ಬಂದಿದ್ದರು. ಬರುವ ಮುಂಚೆ ಒಂದು ಮೇಳದಲ್ಲಿ ಯಂತ್ರ ಇಟ್ಟು, ಕೇಳಿದವರಿಗೆಲ್ಲ ಮುಚ್ಚಳ ತೆಗೆದು ತೋರಿಸಿದ್ದರು. ಮೇಳದಲ್ಲಿ ತೋರಿಸಿದ್ದಕ್ಕೆ ಕಾಯ್ದೆಯ 31ನೇ ಕಲಮಿನಲ್ಲಿ ಹನ್ನೆರಡು ತಿಂಗಳ ರಕ್ಷಣೆ ಇರುವುದು ನಿಜ. ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗಷ್ಟೇ. ಅವರ ಮೇಳ ಅಂಥದ್ದಾಗಿರಲಿಲ್ಲ. ಅವರನ್ನು ಬರಿಗೈಯಲ್ಲಿ ಕಳಿಸಬೇಕಾಯಿತು, ಆ ದಿನದ ಅವರ ಮುಖ ಇನ್ನೂ ಕಣ್ಣಮುಂದಿದೆ.

ನಿಮ್ಮ ಸ್ಥಿತಿ ಅಷ್ಟು ಕೆಟ್ಟಿಲ್ಲ. 32ನೇ ಕಲಮಿನ ಪ್ರಕಾರ, ಅರ್ಜಿಯ ಆದ್ಯತಾ ದಿನಾಂಕಕ್ಕೆ (ಆವಿಷ್ಕಾರವನ್ನು ಮೊದಲು ಅರ್ಜಿಯಲ್ಲಿ ದಾಖಲಿಸಿದ ದಿನ) ಹಿಂದಿನ ಒಂದು ವರ್ಷದೊಳಗೆ ಕೇವಲ ಸಮಂಜಸ ಪರೀಕ್ಷೆಗಾಗಿ ಬಹಿರಂಗವಾಗಿ ಬಳಸಿದ್ದರೆ, ಮತ್ತು ವಸ್ತುವಿನ ಸ್ವಭಾವದಿಂದಾಗಿ ಬಹಿರಂಗವಾಗಿಯೇ ಪರೀಕ್ಷಿಸುವುದು ಅಗತ್ಯವಿದ್ದರೆ, ಆ ಬಳಕೆಯಿಂದ ಹೊಸತನ ಹೋಗುವುದಿಲ್ಲ. ಕೊಳವೆಬಾವಿಯ ಬಿಟ್ಟನ್ನು ವರ್ಕ್‌ಶಾಪ್ ಒಳಗೆ ಪರೀಕ್ಷಿಸಲು ಆಗುವುದಿಲ್ಲ ಎಂಬುದನ್ನು ಯಾರಾದರೂ ಒಪ್ಪುತ್ತಾರೆ. ಆದರೆ ಆ ಏಳು ಬಾವಿಗಳಿಗೆ ಅಡಿಗೆ ಇಷ್ಟು ಎಂದು ರೈತರಿಂದ ಹಣ ಪಡೆದಿರುತ್ತೀರಿ. ‘ಇದು ಪರೀಕ್ಷೆಯಲ್ಲ, ವ್ಯಾಪಾರ’ ಎಂಬ ವಾದ ಬರಬಹುದು. ಬಿಟ್ ಹೊಸದೆಂದು ಹೆಚ್ಚು ದರ ಪಡೆದಿಲ್ಲ, ಪ್ರತಿ ಬಾವಿಯ ನಂತರ ಬಿಚ್ಚಿ ಅಳೆದಿದ್ದೇವೆ ಎಂದು ತೋರಿಸುವ ಟಿಪ್ಪಣಿ ಇದ್ದರೆ ಜೋಪಾನವಾಗಿಡಿ. ಪ್ರಯೋಗಕ್ಕೆ ಕೊಟ್ಟ ಬಿಟ್ಟನ್ನು ಈ ವಾರವೇ ವಾಪಸ್ ತರಿಸಿ. ಪರೀಕ್ಷೆಗಾಗಿ ಮಾತ್ರ ಕೊಟ್ಟಿದ್ದು, ಒಳಗಿನ ರಚನೆಯನ್ನು ಬೇರೆಯವರಿಗೆ ತಿಳಿಸುವಂತಿಲ್ಲ ಎಂಬ ತಿಳಿವಳಿಕೆ ಆಗಲೇ ಇದ್ದಿದ್ದರೆ ಆ ಮಾಲೀಕರಿಂದ ಅದನ್ನು ಬರೆಸಿಕೊಳ್ಳಿ. ಇಲ್ಲದ್ದನ್ನು ಇತ್ತೆಂದು ಬರೆಸಬೇಡಿ. ವಿಡಿಯೊದಲ್ಲಿ ಒಳರಚನೆ ಕಾಣುವುದಿಲ್ಲ ಎಂದಿದ್ದೀರಿ. ಹಾಗಿದ್ದರೆ ಅದರಿಂದ ದೊಡ್ಡ ಹಾನಿಯಿಲ್ಲ. ಆದರೂ ಕೆಳಗೆ ಯಾರಾದರೂ ‘ಒಳಗೇನಿದೆ’ ಎಂದು ಕೇಳಿದ್ದಕ್ಕೆ ಉತ್ತರಿಸಿದ್ದೀರಾ ನೋಡಿ, ಉತ್ತರಿಸಿದ್ದರೆ ನನಗೆ ಮುಚ್ಚಿಡದೆ ತಿಳಿಸಿ. ಐದು ಬಿಟ್ ಮಾರಿದ ಕ್ಷಣ ‘ಕೇವಲ ಪರೀಕ್ಷೆ’ ಎಂಬ ಆಸರೆ ಕುಸಿಯುತ್ತದೆ. ಆರ್ಡರ್ ಬೇಡ ಎಂದದ್ದು ಅದಕ್ಕೆ. ಅರ್ಜಿ ದಾಖಲಾದ ಮರುದಿನದಿಂದ ಧಾರಾಳವಾಗಿ ಮಾರಿ.

ಆಪರೇಟರ್ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಹಾಗೆ ಮುಗಿಸಲಾರೆ. ಗಾಳಿ ಬಿಡಬೇಕೆಂದು ಹೇಳಿದವರು ಅವರು. ತೂತು ಎಲ್ಲಿ, ಎಷ್ಟು ಓರೆ ಎಂದು ನಿರ್ಧರಿಸಿ ಕೊರೆದವರು ನೀವು. ಮೊದಲ ಕ್ಲೇಮ್ ನಿಲ್ಲುವುದೇ ಆ ಗಾಳಿಯ ಮೇಲಾದ್ದರಿಂದ ಆವಿಷ್ಕಾರಕರ ಹೆಸರಿನಲ್ಲಿ ಇಬ್ಬರೂ ಇರಬೇಕು. ಅವರು ಸಂಬಳಕ್ಕೆ ದುಡಿಯುವವರಿರಲಿ, ತಮಿಳುನಾಡಿನಿಂದ ಬಂದವರಿರಲಿ, ನಾಳೆ ಬೇರೆ ರಿಗ್‌ಗೆ ಹೋಗುವವರಿರಲಿ, ಅದು ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಕೊಟ್ಟ ಮಾತ್ರಕ್ಕೆ ಕೆಲಸಗಾರನ ಆವಿಷ್ಕಾರ ಮಾಲೀಕನದಾಗುತ್ತದೆ ಎಂದು ನಮ್ಮ ಕಾಯ್ದೆ ಹೇಳುವುದಿಲ್ಲ. ಹಕ್ಕಿರುವವರನ್ನು ಬಿಟ್ಟು ಪಡೆದ ಪೇಟೆಂಟನ್ನು ಮುಂದೆ ರದ್ದು ಮಾಡಿಸಲೂ ಬಹುದು. ಅವರೂ ಅರ್ಜಿದಾರರಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಇಬ್ಬರಿಗೂ ಸಮಪಾಲು. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವಂತಿಲ್ಲ. ಹಾಗೆ ಬೇಡವೆಂದರೆ ಅವರಿಗೆ ನ್ಯಾಯವಾದ ಮೊತ್ತವನ್ನೋ, ಮಾರಿದ ಪ್ರತಿ ಬಿಟ್‌ಗೆ ಇಷ್ಟು ಎಂಬ ಪಾಲನ್ನೋ ಕೊಟ್ಟು ಹಕ್ಕನ್ನು ಬರವಣಿಗೆಯಲ್ಲಿ ವರ್ಗಾಯಿಸಿಕೊಳ್ಳಿ. ಆಗಲೂ ಆವಿಷ್ಕಾರಕರೆಂದು ಅವರ ಹೆಸರು ಉಳಿಯಬೇಕು. ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿ.

ಅರ್ಜಿಯ ಕ್ರಮ ದೊಡ್ಡ ವಿಷಯವಲ್ಲ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿಯಿರಿ, ಪೂರ್ಣ ವಿವರಣೆಗೆ ಹನ್ನೆರಡು ತಿಂಗಳು ಅವಕಾಶವಿದೆ. ತಾತ್ಕಾಲಿಕದಲ್ಲಿಯೇ ಗಾಳಿಯ ತೂತುಗಳ ಚಿತ್ರ ಇರಲೇಬೇಕು. ಅಲ್ಲಿ ಇಲ್ಲದ್ದಕ್ಕೆ ಆ ದಿನಾಂಕ ಸಿಗುವುದಿಲ್ಲ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಪೇಟೆಂಟ್ ಕಚೇರಿಯಿಂದ ಅರ್ಜಿಯ ಪರೀಕ್ಷೆ ಕೋರಲು 4,000 ರೂಪಾಯಿ ಸರ್ಕಾರಿ ಶುಲ್ಕ. ಪೇಟೆಂಟ್ ಏಜೆಂಟರ ಶುಲ್ಕ ಬೇರೆ. 2024ರಲ್ಲಿ ನಿಯಮ ಬದಲಾದ ಮೇಲೆ ಪರೀಕ್ಷೆಗೆ 31 ತಿಂಗಳೊಳಗೆ ಕೋರಬೇಕು, ತಪ್ಪಿದರೆ ಅರ್ಜಿ ಹಿಂತೆಗೆದುಕೊಂಡಂತೆ. ಪರೀಕ್ಷಕರ ಆಕ್ಷೇಪಕ್ಕೆ ಉತ್ತರಿಸಲು ಆರು ತಿಂಗಳು. ಪೇಟೆಂಟ್ ಸಿಕ್ಕರೆ ಅದರ ಅವಧಿ ಅರ್ಜಿಯ ದಿನದಿಂದ 20 ವರ್ಷ. ವಿವರಣೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ಇರಬೇಕೆಂಬ ನಿಯಮ ನನಗೆ ಸದಾ ನೋವು ಕೊಡುವಂಥದ್ದು. ಹಾಗೆಂದು ನೀವು ಇಂಗ್ಲಿಷಿನಲ್ಲಿ ತಡವರಿಸಬೇಡಿ. ಕನ್ನಡದಲ್ಲಿ, ವರ್ಕ್‌ಶಾಪ್‌ನಲ್ಲಿ ಹುಡುಗರಿಗೆ ಹೇಳಿಕೊಡುವಂತೆ, ಒಂದೊಂದು ಅಳತೆಯೊಡನೆ ಬರೆದುಕೊಡಿ. ಅನುವಾದ ನಮ್ಮ ಕೆಲಸ.

‘ವಿನ್ಯಾಸ ನೋಂದಣಿ ಸಾಕಲ್ಲವೇ’ ಎಂದು ಯಾರಾದರೂ ಹೇಳಬಹುದು. 2000ದ ವಿನ್ಯಾಸ ಕಾಯ್ದೆ ಕಾಪಾಡುವುದು ಕಣ್ಣಿಗೆ ಕಾಣುವ ರೂಪವನ್ನು. ಕೆಲಸ ಮಾಡುವ ಬಗೆಯನ್ನಲ್ಲ. ನಿಮ್ಮ ಬಿಟ್‌ನ ಗುಟ್ಟೆಲ್ಲ ಒಳಗಿರುವುದರಿಂದ ಅದು ಉಪಯೋಗಕ್ಕೆ ಬರುವುದಿಲ್ಲ. ಹೊರದೇಶಗಳ ಆಸೆ ಇದ್ದರೆ ಯುರೋಪನ್ನು ಬಹುಪಾಲು ಮರೆಯಬೇಕಾಗುತ್ತದೆ, ನಮ್ಮ 32ನೇ ಕಲಮಿನಂಥ ರಿಯಾಯಿತಿ ಅಲ್ಲಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ನಿಜವಾದ ಮಾರುಕಟ್ಟೆ ಇಲ್ಲಿಯೇ, ರಿಗ್‌ಗಳ ಊರೆಂದೇ ಹೆಸರಾದ ತಿರುಚೆಂಗೋಡಿನ ಕಡೆ ಇದೆ. ಶಿವಮೊಗ್ಗದಲ್ಲಿ ಕುಳಿತು ನೀವೊಬ್ಬರೇ ತಿಂಗಳಿಗೆ ಎಷ್ಟು ಬಿಟ್ ಮಾಡಬಲ್ಲಿರಿ? ದೊಡ್ಡ ತಯಾರಕರಿಗೆ ಲೈಸೆನ್ಸ್ ಕೊಡುವ ಯೋಚನೆ ಇದ್ದರೆ ಪೇಟೆಂಟ್‌ಗೆ ಖರ್ಚು ಮಾಡುವುದು ಸಾರ್ಥಕ.

ಪೂರ್ಣ ವಿವರಣೆಗೆ ಮುಂಚೆ ಅಂಕಿಗಳು ಬೇಕು. ಒಂದು ಬಾವಿಯ ಬಂಡೆ ಪಕ್ಕದ ಬಾವಿಯದಲ್ಲ, ಆದ್ದರಿಂದ ಒಂದೇ ಬಾವಿಯಲ್ಲಿ ಕೆಲವು ಪೈಪ್ ಹಳೆಯ ಬಿಟ್, ಕೆಲವು ಪೈಪ್ ಹೊಸ ಬಿಟ್ ಎಂದು ಬದಲಿಸುತ್ತ ಪ್ರತಿ ಪೈಪ್‌ಗೆ ಹಿಡಿದ ನಿಮಿಷ, ಕಂಪ್ರೆಸರ್ ಒತ್ತಡ, ಚಕ್ ಮತ್ತು ಥ್ರೆಡ್‌ನ ಸವೆತ ಬರೆದಿಡಿ. ಗಾಳಿಯಲ್ಲಿ ಒಂದು ಪಾಲು ಬೇರೆಡೆಗೆ ಹೋದುದರಿಂದ ಪುಡಿ ಮೇಲೇರುವುದು ಕುಗ್ಗಿದೆಯೇ ಎಂದೂ ನೋಡಿ. ಓರೆ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವ ಭಯವಿದೆ. ಬಾಲದ ಅತ್ಯಂತ ದಣಿಯುವ ಜಾಗದ ಹತ್ತಿರ ನೀವು ಕೊರೆದಿದ್ದೀರಿ. ಅಂಚುಗಳನ್ನು ದುಂಡಾಗಿಸಿ, ಪ್ರತಿ ಬಾವಿಯ ನಂತರ ಬಣ್ಣ ಹಚ್ಚಿ ಬಿರುಕು ಪರೀಕ್ಷಿಸಿ.

ಮಣ್ಣು ಕಟ್ಟಿಕೊಂಡ ಆ ಮೊದಲ ಎರಡು ಬಿಟ್‌ಗಳನ್ನು ಗುಜರಿಗೆ ಹಾಕಿಲ್ಲ ತಾನೇ? ಇದ್ದರೆ ತೊಳೆಯಬೇಡಿ, ಕೆತ್ತಬೇಡಿ. ದಿನಾಂಕ ಕಾಣುವಂತೆ ಫೋಟೊ ತೆಗೆದು, ಗೋಣಿಚೀಲದಲ್ಲಿ ಸುತ್ತಿ, ಒಣಗಿದ ಶೇಡಿಯ ಸಮೇತ ಹಾಗೆಯೇ ಎತ್ತಿಡಿ.